ಕರೆಂಟ್ ಹೋಗುವ ಊರಲ್ಲಿ ಅನಿಮೇಷನ್ ಎಡಿಟಿಂಗ್: ಕೆಡೆನ್‌ಲೈವ್, ಶಾಟ್‌ಕಟ್, ರಿಸಾಲ್ವ್

ಕೈಯಲ್ಲಿ ಬಿಡಿಸಿದ ಅನಿಮೇಷನ್ ತುಣುಕುಗಳನ್ನು ಜೋಡಿಸಿ, ದನಿ ಸೇರಿಸಿ, ಕೊನೆಗೆ ಒಂದು ಎಂಪಿ4 ಮಾಡಿ ಕೊಡಬೇಕು. ಈ ಕೆಲಸಕ್ಕೆ ದುಡ್ಡಿಲ್ಲದೆ ಸಿಗುವ ಮೂರು ಒಳ್ಳೆಯ ಎಡಿಟರ್‌ಗಳಿವೆ: ಕೆಡೆನ್‌ಲೈವ್, ಶಾಟ್‌ಕಟ್, ಮತ್ತು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಮೂರರಲ್ಲೂ ಒಂದೇ ತುಣುಕನ್ನು ಎಡಿಟ್ ಮಾಡಿ ನೋಡಿದೆ. ನಿಮ್ಮದು 8 ಜಿಬಿ ರ‍್ಯಾಮ್‌ನ ಸಾಧಾರಣ ಕಂಪ್ಯೂಟರ್ ಆಗಿದ್ದು, ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದ ಮನೆ ಆಗಿದ್ದರೆ ಕೆಡೆನ್‌ಲೈವ್ ಹಾಕಿಕೊಳ್ಳಿ. ರಿಸಾಲ್ವ್ ಶಕ್ತಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ತಕ್ಕ ಯಂತ್ರ ಬೇಕು.

ತುಣುಕು ಯಾವುದು ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇರುವುದಿಲ್ಲ. ತೀರ್ಥಹಳ್ಳಿ ಕಡೆಯ ಶಾಲಾ ಮಕ್ಕಳಿಗಾಗಿ ಮಂಗನ ಕಾಯಿಲೆ ಬಗ್ಗೆ ಮಾಡಿದ 90 ಸೆಕೆಂಡಿನ ಚಿತ್ರ ಅದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆ ಹರಡುವುದು ಉಣುಗುಗಳಿಂದ. ಡಿಸೆಂಬರಿನಿಂದ ಬೇಸಿಗೆ ಮುಗಿಯುವ ತನಕ ಅದರ ಕಾಟ ಜಾಸ್ತಿ. ಹಾಗಾಗಿ ಚಿತ್ರ ಚಳಿಗಾಲದ ಹೊತ್ತಿಗೆ ತಯಾರಾಗಬೇಕಿತ್ತು. ಅಂದರೆ ಕೆಲಸವೆಲ್ಲ ಮಳೆಗಾಲದಲ್ಲೇ. ಕಾಡಿಗೆ ಸೊಪ್ಪು ತರಲು ಹೋದವರ ಕಾಲಿಗೆ ಉಣುಗು ಹತ್ತುವುದು, ಮನೆಗೆ ಬಂದು ಬಿಸಿನೀರು, ಸೋಪಿನಲ್ಲಿ ಮೈ ತಿಕ್ಕುವುದು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು, ಇಷ್ಟೇ ಕತೆ. ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬಿಡಿಸಿ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರಗಳಾಗಿ ತೆಗೆದಿದ್ದೆ. ಟೈಮ್‌ಲೈನ್ ಸೆಕೆಂಡಿಗೆ 24 ಫ್ರೇಮ್. ಚಿತ್ರಗಳು ಸೆಕೆಂಡಿಗೆ 12, ಒಂದೊಂದೂ ಎರಡು ಫ್ರೇಮ್ ನಿಲ್ಲುತ್ತದೆ. ಕೈಯಲ್ಲಿ ಬಿಡಿಸುವವರು ಹೆಚ್ಚಾಗಿ ಮಾಡುವುದೇ ಹೀಗೆ.

ಮೊದಲ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಕೆಡೆನ್‌ಲೈವ್‌ನಲ್ಲಿ ಇಮೇಜ್ ಸೀಕ್ವೆನ್ಸ್, ಅಂದರೆ ಸಾಲು ಚಿತ್ರಗಳನ್ನು, ಸೇರಿಸುವಾಗಲೇ ಒಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಅಂತ ಕೇಳುತ್ತದೆ. ಎರಡು ಫ್ರೇಮ್ ಅಂದರೆ ಮುಗಿಯಿತು. ಶಾಟ್‌ಕಟ್‌ನಲ್ಲಿ ಮೊದಲ ಚಿತ್ರ ತೆರೆದು, ಪ್ರಾಪರ್ಟೀಸ್‌ನಲ್ಲಿ ಇಮೇಜ್ ಸೀಕ್ವೆನ್ಸ್‌ಗೆ ಟಿಕ್ ಹಾಕಿ, ರಿಪೀಟ್ ಎಂಬಲ್ಲಿ 2 ಎಂದು ಕೊಡಬೇಕು. ಅದೂ ಸುಲಭವೇ. ರಿಸಾಲ್ವ್ ಸಾಲಾಗಿ ನಂಬರ್ ಇರುವ ಚಿತ್ರಗಳನ್ನು ಕಂಡ ತಕ್ಷಣ ತಾನೇ ಒಂದು ಕ್ಲಿಪ್ ಎಂದು ಹಿಡಿಯುತ್ತದೆ. ಇದು ಖುಷಿಯ ವಿಷಯ. ಆದರೆ ಒಂದೊಂದು ಚಿತ್ರವೂ ಒಂದೇ ಫ್ರೇಮ್ ಆಗಿ ಬರುವುದರಿಂದ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಇಳಿಸುವಾಗ ರೀಟೈಮ್ ವಿಧಾನ ನಿಯರೆಸ್ಟ್‌ನಲ್ಲೇ ಇರಲಿ, ಆಗ ಇದ್ದ ಚಿತ್ರವನ್ನೇ ಮತ್ತೆ ತೋರಿಸುತ್ತದೆ. ಆಪ್ಟಿಕಲ್ ಫ್ಲೋ ಕ್ಯಾಮೆರಾದಲ್ಲಿ ತೆಗೆದ ವಿಡಿಯೋಗೆ ಚೆನ್ನ. ಬಿಡಿಸಿದ ಗೆರೆಗೆ ಹಾಕಿದರೆ ಎರಡು ಚಿತ್ರದ ಮಧ್ಯೆ ಇಲ್ಲದ ಗೆರೆಗಳನ್ನು ಹುಟ್ಟಿಸಿ ಎಲ್ಲ ಕಲಸಿಬಿಡುತ್ತದೆ. ಇನ್ನೊಂದು ವಿಷಯ: ರಿಸಾಲ್ವ್‌ನಲ್ಲಿ ಮೊದಲ ಫೈಲ್ ಒಳಗೆ ಬರುವ ಮುಂಚೆಯೇ ಪ್ರಾಜೆಕ್ಟಿನ ಫ್ರೇಮ್ ರೇಟ್ 24 ಎಂದು ಗೊತ್ತು ಮಾಡಿಕೊಳ್ಳಿ.

ಚಲನೆಯ ವಿಷಯಕ್ಕೆ ಬಂದರೆ ರಿಸಾಲ್ವ್‌ನದೇ ಮೇಲುಗೈ. ಅದರ ಫ್ಯೂಷನ್ ಪುಟದಲ್ಲಿ ಚಲನೆಯ ರೇಖೆಯನ್ನೇ ಹಿಡಿದು ಬಗ್ಗಿಸಬಹುದು. ಉಣುಗು ಪಾದದಿಂದ ಮೊಣಕಾಲಿಗೆ ಹತ್ತುವ ಶಾಟ್ ಇದೆಯಲ್ಲ, ಅದು ಸ್ವಲ್ಪ ಹತ್ತಿ, ನಿಂತು, ಮತ್ತೆ ಹತ್ತಬೇಕು. ಅಲ್ಲಿ ಅದು ಜೀವ ಇರುವ ಹಾಗೆ ಹತ್ತಿತು. ಕೆಡೆನ್‌ಲೈವ್‌ನ ಟ್ರಾನ್ಸ್‌ಫಾರ್ಮ್ ಎಫೆಕ್ಟಿನಲ್ಲೂ ಕೀಫ್ರೇಮ್‌ಗಳಿವೆ, ಅಂದರೆ ಯಾವ ಹೊತ್ತಿಗೆ ಚಿತ್ರ ಎಲ್ಲಿರಬೇಕು ಎನ್ನುವ ಗುರುತುಗಳು. ನೇರ, ಮೃದು, ಹಠಾತ್ ಎಂದು ಬಗೆಯನ್ನೂ ಆರಿಸಬಹುದು. ಅಷ್ಟರಲ್ಲೇ ಕೆಲಸ ಆಗುತ್ತದೆ, ಆದರೆ ಕೀಫ್ರೇಮ್‌ಗಳನ್ನು ಹತ್ತಿರ ಹತ್ತಿರ ಇಡಬೇಕು. ಶಾಟ್‌ಕಟ್ ಈ ವಿಷಯದಲ್ಲಿ ಹೆಚ್ಚುಕಮ್ಮಿ ಕೆಡೆನ್‌ಲೈವ್ ಮಟ್ಟದ್ದೇ. ಎರಡೂ ಒಳಗೆ ಬಳಸುವುದು ಎಂಎಲ್‌ಟಿ ಎಂಬ ಒಂದೇ ಎಂಜಿನ್.

ಮೂರರಲ್ಲೂ ಒಂದು ತೊಂದರೆ ಎದುರಾಗುತ್ತದೆ, ಅದು ಸಾಫ್ಟ್‌ವೇರಿನದಲ್ಲ. ನಡೆಯುವ ಮನುಷ್ಯನ ಚಿತ್ರ ಎರಡು ಫ್ರೇಮಿಗೊಮ್ಮೆ ಬದಲಾಗುತ್ತದೆ. ಹಿಂದಿನ ಅಡಿಕೆ ತೋಟವನ್ನು ಕೀಫ್ರೇಮ್ ಹಾಕಿ ಸರಿಸಿದರೆ ಅದು ಪ್ರತಿ ಫ್ರೇಮಿಗೂ ಜರುಗುತ್ತದೆ. ಆಗ ಪಾದ ನೆಲದ ಮೇಲೆ ಜಾರಿದ ಹಾಗೆ ಕಾಣುತ್ತದೆ. ನಡೆಯುವ ಶಾಟ್‌ಗಳಲ್ಲಿ ಹಿನ್ನೆಲೆಯನ್ನೂ ಎರಡು ಫ್ರೇಮಿಗೊಮ್ಮೆಯೇ ಸರಿಸಿ. ಕೆಡೆನ್‌ಲೈವ್‌ನಲ್ಲಿ ಹಠಾತ್ ಬಗೆಯ ಕೀಫ್ರೇಮ್‌ಗಳನ್ನು ಒಂದು ಬಿಟ್ಟು ಒಂದು ಫ್ರೇಮಿಗೆ ಇಟ್ಟು ಇದನ್ನು ಮಾಡಿದೆ. ಬೇಜಾರಿನ ಕೆಲಸವೇ, ಆದರೆ ಪಾದ ನೆಲದಲ್ಲಿ ಗಟ್ಟಿಯಾಗಿ ಊರಿ ನಿಲ್ಲುತ್ತದೆ.

ಈಗ ಎಕ್ಸ್‌ಪೋರ್ಟ್. ನಮ್ಮ ಕಡೆಯವರಿಗೆ ಇದೇ ಮುಖ್ಯ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋಯಿತು ಅಂದರೆ ಯುಪಿಎಸ್ ನಿಲ್ಲುವುದು ಕೆಲವೇ ನಿಮಿಷ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎನ್ನುವ ಸೂಚಿಯನ್ನು ಸಾಮಾನ್ಯವಾಗಿ ಬರೆಯುವುದೇ ಕೊನೆಯಲ್ಲಿ. ನೂರಕ್ಕೆ ತೊಂಬತ್ತೊಂಬತ್ತು ಭಾಗ ಮುಗಿದಾಗ ಕರೆಂಟ್ ಹೋದರೂ ಆ ಫೈಲ್ ತೆರೆಯುವುದಿಲ್ಲ. ಮೊದಲಿಂದ ಶುರು ಮಾಡಬೇಕು. ಅದಕ್ಕೇ ನಾನು ಹೇಳುವುದು, ಅನಿಮೇಷನ್‌ಗೆ ಎಕ್ಸ್‌ಪೋರ್ಟ್ ಎರಡು ಹಂತದಲ್ಲಿ ಆಗಲಿ. ಮೊದಲು ಇಡೀ ಟೈಮ್‌ಲೈನನ್ನು ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆಯಿರಿ. 90 ಸೆಕೆಂಡಿಗೆ 2160 ಫೈಲ್ ಬರುತ್ತದೆ. ನಮ್ಮ ಬಗೆಯ ಚಪ್ಪಟೆ ಬಣ್ಣದ ಚಿತ್ರಗಳು ಪಿಎನ್‌ಜಿಯಲ್ಲಿ ಚೆನ್ನಾಗಿ ಕುಗ್ಗುತ್ತವೆ, ಜಾಗದ ಚಿಂತೆ ಬೇಡ. ದನಿಯನ್ನು ಬೇರೆ ವೇವ್ ಫೈಲಾಗಿ ತೆಗೆಯಿರಿ. ಆಮೇಲೆ ಎರಡನ್ನೂ ಸೇರಿಸಿ ಎಂಪಿ4 ಮಾಡಿ. ಈ ಎರಡನೇ ಹಂತಕ್ಕೆ ಎಫೆಕ್ಟ್‌ಗಳ ಲೆಕ್ಕ ಇಲ್ಲ, ಬೇಗ ಮುಗಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಬರೆದ ಫ್ರೇಮ್‌ಗಳೆಲ್ಲ ಹಾಗೇ ಇರುತ್ತವೆ. ಕೊನೆಯದೊಂದು ಅರ್ಧ ಬರೆದಿರಬಹುದು, ಅದನ್ನು ಅಳಿಸಿ ಅಲ್ಲಿಂದ ಮುಂದುವರಿಸಿದರೆ ಆಯಿತು.

ಮುಂದುವರಿಸುವುದು ಯಾವುದರಲ್ಲಿ ಸುಲಭ? ಕೆಡೆನ್‌ಲೈವ್‌ನಲ್ಲಿ ಉಳಿದ ಭಾಗವನ್ನು ಝೋನ್ ಎಂದು ಗುರುತು ಮಾಡಿ ಅಷ್ಟನ್ನೇ ರೆಂಡರ್ ಮಾಡಬಹುದು, ಅಂದರೆ ಫೈಲಾಗಿ ತೆಗೆಯಬಹುದು. ನಂಬರ್ ಮತ್ತೆ ಮೊದಲಿಂದ ಶುರುವಾಗುವುದರಿಂದ ಬೇರೆ ಫೋಲ್ಡರ್ ಕೊಡಿ, ಇಲ್ಲದಿದ್ದರೆ ಹಳೆಯ ಫ್ರೇಮ್‌ಗಳ ಮೇಲೆ ಕೂರುತ್ತದೆ. ಶಾಟ್‌ಕಟ್‌ನಲ್ಲಿ ಉಳಿದ ಭಾಗಕ್ಕೆ ಉದ್ದದ ಮಾರ್ಕರ್ ಹಾಕಿ, ಎಕ್ಸ್‌ಪೋರ್ಟ್‌ನಲ್ಲಿ ಆ ಮಾರ್ಕರನ್ನೇ ಆರಿಸಬೇಕು. ಒಂದು ಹೆಜ್ಜೆ ಹೆಚ್ಚು. ರಿಸಾಲ್ವ್‌ನಲ್ಲಿ ಇನ್, ಔಟ್ ಗುರುತು ಹಾಕಿ ಡೆಲಿವರ್ ಪುಟದಿಂದ ಕಳಿಸುವುದು. ಅಲ್ಲಿ ನಾನು ಟಿಫ್ ಬಳಸಿದೆ. ಟಿಫ್ ಫೈಲ್‌ಗಳು ದೊಡ್ಡವು, ಡಿಸ್ಕ್ ಬೇಗ ತುಂಬುತ್ತದೆ. ಈ ಒಂದು ವಿಷಯದಲ್ಲಿ ಮೂರನ್ನೂ ಮೀರಿಸುವುದು ಬ್ಲೆಂಡರ್ ಎಂಬ ಉಚಿತ 3ಡಿ ಅನಿಮೇಷನ್ ಸಾಫ್ಟ್‌ವೇರ್. ಅದರ ಔಟ್‌ಪುಟ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆದರೆ, ಈಗಾಗಲೇ ಇರುವ ಫ್ರೇಮ್‌ಗಳನ್ನು ಬಿಟ್ಟು ಮುಂದಿನದರಿಂದ ತಾನೇ ಶುರು ಮಾಡುತ್ತದೆ. ಬರೀ ಎಡಿಟಿಂಗಿಗೆ ಬ್ಲೆಂಡರ್ ಕಲಿಯಿರಿ ಅಂತ ನಾನು ಹೇಳುವುದಿಲ್ಲ. ಈಗಾಗಲೇ ಗೊತ್ತಿರುವವರಿಗೆ ಇದು ವರವೇ.

ಎಂಪಿ4 ಮಾಡುವಾಗ ಬಣ್ಣದ ಕಡೆ ಗಮನ ಇರಲಿ. ನನ್ನ ಉಣುಗಿಗೆ ಎಂಟು ಸಣ್ಣ ಕಾಲು. ರಕ್ತ ಕುಡಿದ ಹೊಟ್ಟೆ ಕೆಂಪು, ಹಿಂದೆ ಕಾಡಿನ ಕಡು ಹಸಿರು. ಪಿಎನ್‌ಜಿಯಲ್ಲಿ ಚಾಕುವಿನಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ಎಂಪಿ4 ಆದ ಮೇಲೆ ಕೆಂಪಿನ ಅಂಚು ಹಸಿರಿನೊಳಗೆ ಹರಡಿ ಮಸುಕಾಯಿತು. ಕಾರಣ ಇಷ್ಟು: ಎಂಪಿ4ಗೆ ಹೆಚ್ಚಾಗಿ ಬಳಸುವ ಎಚ್.264 ಎಂಬ ಕುಗ್ಗಿಸುವ ವಿಧಾನದ ಸಾಮಾನ್ಯ ವಿಡಿಯೋದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ್ದು ನಾಲ್ಕು ಪಿಕ್ಸೆಲ್‌ಗೆ ಒಂದೇ. 1920×1080ರ ಚಿತ್ರದಲ್ಲಿ ಬಣ್ಣ ಇರುವುದು 960×540ರಷ್ಟು ಮಾತ್ರ. ಟಿವಿ, ಪ್ರೊಜೆಕ್ಟರ್, ಮೊಬೈಲ್ ಎಲ್ಲ ಕಡೆ ಓಡಬೇಕು ಅಂದರೆ ಈ ಬಗೆಯನ್ನು ಬಿಡುವ ಹಾಗಿಲ್ಲ. ಮೂರು ಎಡಿಟರ್‌ಗಳಲ್ಲೂ ಇದೇ ಕತೆ. ನನಗೆ ಕೆಲಸ ಮಾಡಿದ ಉಪಾಯ, ಕೆಂಪಿನ ಸುತ್ತ ಕಪ್ಪು ಗೆರೆಯನ್ನು ಸ್ವಲ್ಪ ದಪ್ಪ ಮಾಡುವುದು. ಕಪ್ಪು ಗೆರೆ ಬೆಳಕಿನ ಮಾಹಿತಿಯಲ್ಲೇ ಉಳಿಯುವುದರಿಂದ ಅಂಚು ಗಟ್ಟಿಯಾಗಿ ಕಾಣುತ್ತದೆ. ಎಚ್.264 ವಿಡಿಯೋ ತಯಾರಿಸುವ ಎಕ್ಸ್264 ಬಳಸುವಾಗ ಸಿಆರ್‌ಎಫ್ ಎನ್ನುವ ಗುಣಮಟ್ಟದ ಅಂಕಿಯನ್ನು ಮಾಮೂಲಿ 23ರ ಬದಲು 18 ಇಡಿ. ಅಂಕಿ ಇಳಿದಷ್ಟೂ ಗುಣಮಟ್ಟ ಹೆಚ್ಚು. ಅದರಲ್ಲಿ ಅನಿಮೇಷನ್‌ಗೆಂದೇ ಒಂದು ಟ್ಯೂನ್ ಇದೆ, ಅದನ್ನೂ ಹಾಕಿ.

ಪಾರದರ್ಶಕ ಹಿನ್ನೆಲೆಯ ಕ್ಲಿಪ್ ಬೇಕಾದರೆ, ಅಂದರೆ ನಿಮ್ಮ ಉಣುಗನ್ನು ಬೇರೆಯವರು ತಮ್ಮ ವಿಡಿಯೋ ಮೇಲೆ ಕೂರಿಸಬೇಕಾದರೆ, ಎಂಪಿ4 ಎಚ್.264 ನಡೆಯುವುದಿಲ್ಲ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡರಲ್ಲೂ ಆಲ್ಫಾ (ಪಾರದರ್ಶಕತೆಯ ಮಾಹಿತಿ) ಎಂಬ ಹೆಸರಿನಲ್ಲೇ ಸಿದ್ಧ ಪ್ರಿಸೆಟ್‌ಗಳಿವೆ. ಅವುಗಳಲ್ಲಿ ವಿಪಿ9 ಆರಿಸಿದರೆ ಫೈಲ್ ಚಿಕ್ಕದು. ರಿಸಾಲ್ವ್‌ನಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ 444 ಎಂಬ ವಿಡಿಯೋ ಬಗೆ ಆರಿಸಿ ಎಕ್ಸ್‌ಪೋರ್ಟ್ ಆಲ್ಫಾಗೆ ಟಿಕ್ ಹಾಕಬೇಕು. ಗುಣಮಟ್ಟ ಚೆನ್ನ, ಫೈಲ್ ಭಾರ. ಕೊಡುವ ಮುಂಚೆ ಒಂದು ಹಳದಿ ಪದರದ ಮೇಲೆ ಇಟ್ಟು ನೋಡಿ. ಅಂಚಿನಲ್ಲಿ ಕಪ್ಪು ಉಳಿದಿದ್ದರೆ ತಕ್ಷಣ ಗೊತ್ತಾಗುತ್ತದೆ.

ಜಿಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1987ರ ಫಾರ್ಮ್ಯಾಟ್ ಅದು, ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅಳೆಯುವುದರಿಂದ 24 ಫ್ರೇಮ್ ಸರಿಯಾಗಿ ಕೂರುವುದೇ ಇಲ್ಲ. 12.5 ಫ್ರೇಮ್ ಕೊಟ್ಟರೆ ನಮ್ಮ ಸೆಕೆಂಡಿಗೆ 12 ಚಿತ್ರದ ಲೆಕ್ಕಕ್ಕೆ ಹತ್ತಿರ ಬರುತ್ತದೆ. ವಾಟ್ಸ್ಆ್ಯಪ್‌ಗೆ ಚಲಿಸುವ ಸ್ಟಿಕರ್ ಮಾಡುವುದಾದರೆ ವೆಬ್‌ಪಿ ಬೇಕು, ಅಳತೆ 512×512, ತೂಕ 500 ಕೆಬಿ ಒಳಗೆ.

ಕನ್ನಡ ಅಕ್ಷರಕ್ಕೆ ನನ್ನ ಓಟು ಕೆಡೆನ್‌ಲೈವ್‌ಗೆ. ಅದರ ಟೈಟಲ್ ಕ್ಲಿಪ್‌ನಲ್ಲಿ ಯೂನಿಕೋಡ್ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಕೂರುತ್ತವೆ. ನೀವು ಯಾವುದನ್ನೇ ಬಳಸಿ, ಮೊದಲು ಒಂದೆರಡು ಒತ್ತಕ್ಷರದ ಪದ ಟೈಪ್ ಮಾಡಿ ನೋಡಿ. ಕೆಟ್ಟರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು ಪಿಎನ್‌ಜಿ ಮಾಡಿ ತನ್ನಿ.

ರಿಸಾಲ್ವ್ ಮಾಡುವವರೇ 16 ಜಿಬಿ ರ‍್ಯಾಮ್ ಇರಲಿ ಅನ್ನುತ್ತಾರೆ, ಫ್ಯೂಷನ್ ಬಳಸುವುದಾದರೆ 32. ಜೊತೆಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಎಚ್.264 ಫೈಲ್ ತೆರೆಯುವುದಿಲ್ಲ ಎನ್ನುವುದೂ ನೆನಪಿರಲಿ. ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನ ಹತ್ತಿರ ಅಂಥ ಯಂತ್ರ ಇದೆ. "ಇಲ್ಲೇ ಬಂದು ಮಾಡ್ಕೊಂಡು ಹೋಗೋ ಮಾರಾಯ" ಅಂತ ಅವನು ಕರೆಯುತ್ತಲೇ ಇರುತ್ತಾನೆ. ಕೂತು ನೋಡಿದೆ. ಬಣ್ಣ ತಿದ್ದುವುದು, ದನಿಯಿಂದ ಗಲಾಟೆ ತೆಗೆಯುವುದು ಎರಡೂ ಅಲ್ಲಿ ಬಲು ಚೆನ್ನ. ಶಾಟ್‌ಕಟ್ ಹೊಸಬರಿಗೆ, ನಾಲ್ಕೈದು ತುಣುಕು ಜೋಡಿಸಿ ಮುಗಿಸುವವರಿಗೆ ಸಾಕು. ಮನೆಯಲ್ಲಿ ಕೂತು ಪದರದ ಮೇಲೆ ಪದರ ಇಟ್ಟು ಕೆಲಸ ಮಾಡುವವರಿಗೆ ಕೆಡೆನ್‌ಲೈವ್‌ನ ಪ್ರಾಕ್ಸಿ ದೊಡ್ಡ ಆಸರೆ. ಎಡಿಟ್ ಮಾಡುವಾಗ ಚಿಕ್ಕ ನಕಲು ಓಡುತ್ತದೆ, ರೆಂಡರ್ ಆಗುವಾಗ ಮೂಲ ಫೈಲ್ ಬರುತ್ತದೆ.

ಚಿತ್ರ ಕೇಳಿದ ಮೇಷ್ಟ್ರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಹಳೇ ಪ್ರೊಜೆಕ್ಟರಲ್ಲಿ ಓಡುತ್ತಾ?" ಓಡುತ್ತೆ ಮೇಷ್ಟ್ರೇ, ಆದರೆ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ತರಿಸಿಕೊಳ್ಳಬೇಡಿ, ಅದು ಕುಗ್ಗಿಸಿಬಿಡುತ್ತೆ ಅಂದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ನೆಟ್‌ವರ್ಕ್ ಸಿಗದ ಶಾಲೆಗಳಿಗೆ ಪೆನ್‌ಡ್ರೈವ್‌ನಲ್ಲೇ ಕೊಟ್ಟೆ.