ಅಗ್ಗದ ಬಕ್ ಕನ್ವರ್ಟರ್ ಕೆಟ್ಟರೆ ಅದೊಂದೇ ಕೆಡುವುದಿಲ್ಲ

24 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪುಟ್ಟ ಬಕ್ ಕನ್ವರ್ಟರ್ ಮಾಡ್ಯೂಲಿಗೆ ಬೆಲೆಬಾಳುವ ಬೋರ್ಡನ್ನು ನೇರವಾಗಿ ಜೋಡಿಸಿಟ್ಟಿರುವವರು ದಯವಿಟ್ಟು ಇದನ್ನು ಓದಿ. ಅಂಥದ್ದೊಂದು ಮಾಡ್ಯೂಲ್ ಕೆಟ್ಟ ರಾತ್ರಿ ನನ್ನ ಕಂಪ್ಯೂಟರ್ ಬೋರ್ಡು ಮತ್ತು ಅದಕ್ಕೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ಎರಡೂ ಒಂದೇ ಏಟಿಗೆ ಸುಟ್ಟುಹೋದವು. ಮಾಡ್ಯೂಲಿನ ಚಿಪ್ ಮೇಲೆ ಎಲ್‌ಎಂ2596 ಎಂದು ಅಚ್ಚಾಗಿತ್ತು. ಆ ಚಿಪ್ 3 ಆಂಪಿಯರ್ ಕೊಡಬಲ್ಲದು. ನನ್ನ ಲೋಡ್ 2 ಆಂಪಿಯರ್ ದಾಟುತ್ತಿರಲಿಲ್ಲ. ಮಾರಿದವರ ಉತ್ತರ: “ಲೋಡ್ ಹೆಚ್ಚಾಗಿರಬೇಕು.” ಮಾಡ್ಯೂಲಿನ ಹಣ ಹಿಂದಿರುಗಿಸಿ ಕೈತೊಳೆದುಕೊಂಡರು.

ವಿದ್ಯುತ್ ಪೂರೈಕೆ ಕೆಟ್ಟರೆ ವೋಲ್ಟೇಜ್ ಸೊನ್ನೆಯಾಗುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಬಕ್ ಸರ್ಕ್ಯೂಟಿನ ಒಳಗನ್ನು ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ಅಲ್ಲಿ 24 ವೋಲ್ಟಿಗೂ ನಿಮ್ಮ ಬೋರ್ಡಿಗೂ ನಡುವೆ ಇರುವುದು ಒಂದು ಟ್ರಾನ್ಸಿಸ್ಟರ್ ಸ್ವಿಚ್, ಒಂದು ಇಂಡಕ್ಟರ್ (ತಿರುಳಿಗೆ ಸುತ್ತಿದ ತಂತಿಯ ಸುರುಳಿ), ಅಷ್ಟೇ. ಸ್ವಿಚ್ ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತದೆ. ಮುಚ್ಚಿದ್ದಾಗ, ಅಂದರೆ ಕರೆಂಟ್ ಹರಿಯಬಿಟ್ಟಾಗ, ಇಂಡಕ್ಟರಿನಲ್ಲಿ ಕರೆಂಟ್ ಏರುತ್ತದೆ. ತೆರೆದಾಗ ಅದೇ ಕರೆಂಟ್ ಡಯೋಡಿನ ಮೂಲಕ ಸುತ್ತಿ ಲೋಡಿಗೆ ಹರಿಯುತ್ತಾ ಇಳಿಯುತ್ತದೆ. ಉಳಿದ ಏರಿಳಿತವನ್ನು ಕೆಪಾಸಿಟರ್ ತಗ್ಗಿಸುತ್ತದೆ. ಪ್ರತಿ ಆವರ್ತದಲ್ಲಿ ಸ್ವಿಚ್ ಎಷ್ಟು ಪಾಲು ಹೊತ್ತು ಮುಚ್ಚಿರುತ್ತದೋ, ಇನ್‌ಪುಟ್ಟಿನ ಅಷ್ಟು ಪಾಲು ಔಟ್‌ಪುಟ್ಟಿಗೆ ಸಿಗುತ್ತದೆ. ನಷ್ಟವನ್ನು ಬದಿಗಿಟ್ಟರೆ 24ರಿಂದ 5 ಪಡೆಯಲು ಶೇ. 21ರಷ್ಟು ಹೊತ್ತು ಸಾಕು.

ಈಗ ಆ ಸ್ವಿಚ್ ಸುಟ್ಟು ಒಳಗೇ ಶಾರ್ಟ್ ಆಯಿತೆನ್ನಿ. ಅದು ಶೇ. 100 ಹೊತ್ತು ಮುಚ್ಚಿದ ಸ್ವಿಚ್ಚಾಗುತ್ತದೆ. ಇಂಡಕ್ಟರ್ ಎಂದರೆ ಡಿಸಿಗೆ ಬರೀ ತಂತಿ. ಪೂರ್ತಿ 24 ವೋಲ್ಟ್ ಬೋರ್ಡಿಗೆ ನುಗ್ಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಸತ್ತ ಚಿಪ್ಪಿನ 1ನೇ ಮತ್ತು 2ನೇ ಪಿನ್‌ಗಳಿಗೆ, ಅಂದರೆ ಇನ್‌ಪುಟ್ ಮತ್ತು ಸ್ವಿಚ್ಚಿನ ಔಟ್‌ಪುಟ್‌ಗೆ, ಮಲ್ಟಿಮೀಟರ್ ಹಿಡಿದಾಗ ಅದು ಪೀಂ ಎಂದು ಕೂಗಿತು, ಅಂದರೆ ಎರಡರ ನಡುವೆ ಶಾರ್ಟ್.

ಸ್ವಿಚ್ ಸತ್ತಿದ್ದೇಕೆ? ಅದೇ ಕಂತಿನಲ್ಲಿ ಬಂದಿದ್ದ ಇನ್ನೊಂದು ಮಾಡ್ಯೂಲಿನ 2ನೇ ಪಿನ್ನಿಗೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಜೋಡಿಸಿದೆ. ಅಸಲಿ ಎಲ್‌ಎಂ2596 ಸುಮಾರು 150 ಕಿಲೋಹರ್ಟ್ಸ್‌ನಲ್ಲಿ ಬಡಿಯಬೇಕು. ಇದು 50ರ ಆಸುಪಾಸಿನಲ್ಲಿ ತೆವಳುತ್ತಿತ್ತು. ಬೇರಾವುದೋ ಹಳೆಯ ತಳಿಯ ಚಿಪ್ಪಿಗೆ ಹೊಸ ಹೆಸರು ಅಚ್ಚೊತ್ತಿದ್ದಾರೆ. ಹೆಸರು ಬದಲಾದರೇನು ಎನ್ನಬೇಡಿ. ಬೋರ್ಡಿನ ಮೇಲಿನ 33 ಮೈಕ್ರೋಹೆನ್ರಿ ಇಂಡಕ್ಟರನ್ನು ಆರಿಸಿರುವುದು 150 ಕಿಲೋಹರ್ಟ್ಸ್‌ಗೆ. ಆಗ ಕರೆಂಟಿನ ಏರಿಳಿತ ಸುಮಾರು 0.8 ಆಂಪಿಯರ್. ಆವರ್ತನ ಮೂರನೇ ಒಂದು ಭಾಗಕ್ಕೆ ಇಳಿದರೆ ಏರಿಳಿತ 2.4 ಆಂಪಿಯರಿಗೆ ಏರುತ್ತದೆ. ಲೋಡ್ 2 ಆಂಪಿಯರ್ ಇದ್ದರೂ ಕರೆಂಟಿನ ಶಿಖರ 3.2 ಮುಟ್ಟುತ್ತದೆ. ಕಿರಿದಾದ ಇಂಡಕ್ಟರಿನ ತಿರುಳು ಅಷ್ಟರಲ್ಲಿ ಸ್ಯಾಚುರೇಟ್ ಆದರೆ, ಅಂದರೆ ಇನ್ನಷ್ಟು ಕಾಂತತೆ ಹಿಡಿಯಲಾರದಂತೆ ತುಂಬಿಹೋದರೆ, ಕರೆಂಟಿಗೆ ಲಗಾಮೇ ಇರುವುದಿಲ್ಲ, ಬಿಸಿಯೆಲ್ಲ ಸ್ವಿಚ್ಚಿನ ತಲೆಗೆ. ಮಲ್ಟಿಮೀಟರಿನಲ್ಲಿ ಇದ್ಯಾವುದೂ ಕಾಣದು. ಅದು ಕೊನೆಯವರೆಗೂ ಶಿಸ್ತಾಗಿ 5.0 ಎಂದೇ ತೋರಿಸುತ್ತದೆ.

ಆಸಿಲೋಸ್ಕೋಪ್ ಎಲ್ಲರ ಬಳಿ ಇರುವುದಿಲ್ಲ, ಸರಿ. ಹಾಗಾದರೆ ಮಾಡ್ಯೂಲನ್ನು ನಂಬದೆಯೇ ಸರ್ಕ್ಯೂಟ್ ಕಟ್ಟಿ. ಇನ್‌ಪುಟ್ಟಿಗೆ ಫ್ಯೂಸ್ ಇರಲಿ. ಔಟ್‌ಪುಟ್ಟಿಗೆ ಅಡ್ಡಲಾಗಿ ಒಂದು ಎಸ್‌ಸಿಆರ್ (ಗೇಟ್ ಪಿನ್ನಿಗೆ ಸೂಚನೆ ಸಿಕ್ಕೊಡನೆ ಕರೆಂಟ್ ಹರಿಯಬಿಡುವ ಸ್ವಿಚ್) ಹಾಕಿ, ವೋಲ್ಟೇಜ್ 6ರ ಆಸುಪಾಸು ದಾಟಿದೊಡನೆ ಅದರ ಗೇಟ್ ಎಚ್ಚರಗೊಳ್ಳುವಂತೆ ಜೀನರ್ ಡಯೋಡ್ (ಗೊತ್ತಾದ ವೋಲ್ಟೇಜ್ ದಾಟಿದರೆ ಕರೆಂಟ್ ಬಿಡುವ ಡಯೋಡ್) ಜೋಡಿಸಿ. ಎಸ್‌ಸಿಆರ್ ಔಟ್‌ಪುಟ್ಟನ್ನು ಶಾರ್ಟ್ ಮಾಡುತ್ತದೆ, ಫ್ಯೂಸ್ ಹಾರುತ್ತದೆ, ಬೋರ್ಡು ಉಳಿಯುತ್ತದೆ. ಬರೀ ಜೀನರ್ ಸಾಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹಿಂದೆ ಬಲವಾದ ಸಪ್ಲೈ ಇದ್ದರೆ ಫ್ಯೂಸಿಗೆ ಮೊದಲೇ ಜೀನರ್ ಸುಟ್ಟುಹೋಗಬಹುದು.

ವೋಲ್ಟೇಜ್ ಹೊಂದಿಸುವ ತಿರುಪಿನ (ತಿರುಗಿಸಿ ಬದಲಿಸಬಲ್ಲ ರೆಸಿಸ್ಟರಿನ) ಮೇಲೂ ಒಂದು ಕಣ್ಣಿರಲಿ. ಇಂಥ ಮಾಡ್ಯೂಲುಗಳಲ್ಲಿ ಅದು ಸಾಮಾನ್ಯವಾಗಿ ಔಟ್‌ಪುಟ್ಟಿಗೂ, ಚಿಪ್ ಔಟ್‌ಪುಟ್ಟನ್ನು ಗಮನಿಸುವ ಫೀಡ್‌ಬ್ಯಾಕ್ ಪಿನ್ನಿಗೂ ನಡುವೆ ಇರುತ್ತದೆ. ಒಳಗಿನ ಸಂಪರ್ಕ ಸಡಿಲಗೊಂಡು ಕಡಿದರೆ, ಔಟ್‌ಪುಟ್ ಕುಸಿದಿದೆ ಎಂದುಕೊಂಡ ಚಿಪ್ ಸ್ವಿಚ್ಚನ್ನು ತೆರೆಯದೆ ಮುಚ್ಚಿಯೇ ಹಿಡಿಯುತ್ತದೆ. ಚಿಪ್ ಅಸಲಿಯಾಗಿದ್ದರೂ ಫಲ ಅದೇ. ಬೇಕಾದ ವೋಲ್ಟೇಜ್ ಒಮ್ಮೆ ಗೊತ್ತಾದ ಮೇಲೆ ತಿರುಪನ್ನು ಕಿತ್ತು, ಅಳೆದ ಬೆಲೆಯ ರೆಸಿಸ್ಟರನ್ನು ಅಲ್ಲಿ ಬೆಸುಗೆ ಹಾಕಿ.