ಆಂಜಿಯೋಗ್ರಾಂ ನಾರ್ಮಲ್ ಅಂತ ಮನೆಗೆ ಕಳಿಸಿದರೆ ಸುಮ್ಮನೆ ಬರಬೇಡಿ

ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಕಡೆಯವರು ದಯವಿಟ್ಟು ಪೂರ್ತಿ ಓದಿ. ದೂರು ಕೊಟ್ಟಿದ್ದೇವೆ, ಅದಕ್ಕೇ ಆಸ್ಪತ್ರೆ ಹೆಸರು ಹಾಕುತ್ತಿಲ್ಲ.

ನಮ್ಮಕ್ಕನಿಗೆ 46 ವರ್ಷ. ಶುಗರ್ ಇಲ್ಲ, ಬಿಪಿ ಇಲ್ಲ. ಭತ್ತದ ಕಟಾವಿನ ಹೊತ್ತಿನಲ್ಲಿ ಎದೆ ಹಿಂಡಿದಂಗಾಗಿ ಎಡಗೈ ಜೋಮು ಹಿಡಿದು ಸೀರೆ ತೊಯ್ಯುವಷ್ಟು ಬೆವರಿದಳು. ಸಿರುಗುಪ್ಪದಿಂದ ಸೀದಾ ಬಳ್ಳಾರಿಯ ಖಾಸಗಿ ಆಸ್ಪತ್ರೆಗೆ ಕರಕೊಂಡು ಹೋದೆವು. ಇಸಿಜಿ, ಎಕೋ, ಅಡ್ವಾನ್ಸು, ಎಲ್ಲ ನಿಮಗೆ ಗೊತ್ತಿರೋದೇ. ರಾತ್ರಿಯೇ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಆಯಿತು. ಬೆಳಿಗ್ಗೆ ಡಾಕ್ಟರು ನಗುತ್ತ ಬಂದರು. "ಒಂದೂ ಬ್ಲಾಕ್ ಇಲ್ಲ, ಪುಣ್ಯ ಮಾಡೀರಿ. ಗ್ಯಾಸ್ ಇದು. ಹೆಣ್ಮಕ್ಕಳಿಗೆ ಟೆನ್ಷನ್ ಜಾಸ್ತಿ ಅಲ್ಲೇನ್ರೀ." ಗ್ಯಾಸಿನ ಮಾತ್ರೆ, ನಿದ್ದೆ ಮಾತ್ರೆ, ಡಿಸ್ಚಾರ್ಜ್.

ಕೌಂಟರಿನಲ್ಲಿ ಮಾಮ ದುಡ್ಡು ಎಣಿಸುತ್ತಿದ್ದರು, ನಾನು ಫೈಲು ತಿರುವುತ್ತಿದ್ದೆ. ಲ್ಯಾಬ್ ಚೀಟಿಗಳ ನಡುವೆ ಪಿನ್ ಹೊಡೆದ ಒಂದು ಚೀಟಿ: ಟ್ರೋಪೋನಿನ್ ಪಾಸಿಟಿವ್. ಅದರ ಹಿಂದೆ ಇನ್ನೊಂದು, ಕೆಲವು ತಾಸು ಬಿಟ್ಟು ತೆಗೆದದ್ದು, ಮೊದಲಿನದಕ್ಕಿಂತ ಬಹಳ ಜಾಸ್ತಿ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ವಸ್ತು ಅದು. ಗ್ಯಾಸಿಗೆ ಅದು ಏರಲ್ಲ! ಡಿಸ್ಚಾರ್ಜ್ ಕಾಗದದಲ್ಲಿ ಹುಡುಕಿದೆ. ಟ್ರೋಪೋನಿನ್ ಅನ್ನೋ ಪದವೇ ಇಲ್ಲ. ಎರಡು ಸಲ ಓದಿದೆ, ಇಲ್ಲವೇ ಇಲ್ಲ.

ಡ್ಯೂಟಿ ಡಾಕ್ಟರನ್ನ ಕೇಳಿದೆ. "ಬ್ಲಾಕ್ ಇದ್ರ ಅಲ್ಲೇನ್ರೀ ಅಟ್ಯಾಕು?" ಅಂದ. ಮತ್ತೆ ಇದು ಯಾಕೆ ಏರಿದೆ ಅಂದೆ. "ಗೂಗಲ್ ಓದಿ ಬಂದೀರೇನು? ಸ್ಟೆಂಟ್ ಹಾಕಿದ್ರೂ ಬೈತೀರಿ, ಹಾಕದಿದ್ರೂ ಬೈತೀರಿ." ಲೈನಿನಲ್ಲಿದ್ದವರು ನಕ್ಕರು. ಮಾಮ "ನಡಿಯಪ್ಪ, ಸಾಕು" ಅಂತ ನನ್ನ ಕೈ ಎಳೆದರು. ಆ ನಗು ಈಗಲೂ ಮೈ ಉರಿಸುತ್ತದೆ.

ಮನೆಗೆ ಬಂದ ಮೇಲೆ ಮತ್ತೆ ಅದೇ ನೋವು. ಈ ಸಲ ಬೆಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಟ್ರೋಪೋನಿನ್ ಚೀಟಿ ನೋಡಿದವರೇ ಹೃದಯದ ಎಂಆರ್‌ಐ ಬರೆದರು. ಕಿಡ್ನಿ ಟೆಸ್ಟ್ ನೋಡಿ, ಕಲೆ ಎದ್ದು ಕಾಣೋ ಹಾಗೆ ಗ್ಯಾಡೋಲಿನಿಯಂ ಅನ್ನೋ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ಪರದೆ ಮೇಲೆ ಹೃದಯದ ಸ್ನಾಯು ಕಪ್ಪಗೆ, ಒಳ ಅಂಚಿನಲ್ಲಿ ಮಾತ್ರ ಒಂದು ಬಿಳಿ ಗೆರೆ. "ಇದು ಕಲೆ. ಅಟ್ಯಾಕ್ ಆಗಿದೆ" ಅಂದರು. ಅಟ್ಯಾಕಿನ ಕಲೆ ಒಳ ಪದರದಿಂದ ಶುರುವಾಗುತ್ತದಂತೆ. ವೈರಸ್ಸಿನಿಂದ ಬರುವ ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಬಾವು ಆದರೆ ಬಿಳುಪು ಸಾಮಾನ್ಯವಾಗಿ ನಡು ಪದರದಲ್ಲಿ ಅಥವಾ ಹೊರ ಪದರದಲ್ಲಿ. ಆಘಾತಕ್ಕೆ ಹೃದಯದ ತುದಿ ಉಬ್ಬುವ ಟಾಕೊಟ್ಸುಬೊದಲ್ಲಿ ಇಂಥ ಕಲೆ ಸಾಮಾನ್ಯವಾಗಿ ಇರೋದಿಲ್ಲ. ಮೂರಕ್ಕೂ ಔಷಧಿ ಬೇರೆ. ಬಳ್ಳಾರಿಯವರು ಮೂರನ್ನೂ ಗ್ಯಾಸ್ ಮಾಡಿಬಿಟ್ಟರು.

ಇದಕ್ಕೆ ಮಿನೋಕಾ ಅಂತಾರೆ, ದೊಡ್ಡ ಬ್ಲಾಕ್ ಇಲ್ಲದೆ ಆಗುವ ಅಟ್ಯಾಕು. ಅಟ್ಯಾಕ್ ಆದ 100 ಜನರಲ್ಲಿ ಐದಾರು ಮಂದಿಗೆ ಹೀಗಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. ಆಂಜಿಯೋಗ್ರಾಂ ತೋರಿಸೋದು ರಕ್ತ ಹರಿಯುವ ದಾರಿಯನ್ನಷ್ಟೇ. ನಾಳದ ಗೋಡೆಯಲ್ಲಿ ಕೊಬ್ಬಿನ ಗಂಟು ಸಣ್ಣಗೆ ಒಡೆದಿದ್ದರೆ ತಪ್ಪಿಹೋಗಬಹುದು. ಅದಕ್ಕೆ ನಾಳದೊಳಗೇ ಇಳಿಸುವ ಓಸಿಟಿ ಅನ್ನೋ ಬೆಳಕಿನ ಸ್ಕ್ಯಾನ್ ಇದೆ. ಓಸಿಟಿ, ಎಂಆರ್‌ಐ ಎರಡೂ ಮಾಡಿದ, ಇಂಥ ಅಟ್ಯಾಕಾದ 116 ಹೆಂಗಸರಲ್ಲಿ ನೂರಕ್ಕೆ 84ಕ್ಕೂ ಹೆಚ್ಚು ಮಂದಿಗೆ ಕಾರಣ ಸಿಕ್ಕಿತು ಅಂತ 2020ರ ಒಂದು ಅಧ್ಯಯನ ಹೇಳುತ್ತದೆ. ಎಂಆರ್‌ಐ ಬೇಗ ಆಗಬೇಕು, ಎರಡು ವಾರದೊಳಗಾದರೆ ಒಳ್ಳೇದು. ಬಾವು ಇಳಿದ ಮೇಲೆ ಎಷ್ಟೋ ಗುರುತು ಅಳಿಸಿಹೋಗುತ್ತವೆ. ನಮಗೆ ಕಲೆ ಸಿಕ್ಕಿತು, ಕಾರಣ ಸಿಗಲಿಲ್ಲ.

ಬಳ್ಳಾರಿಯಲ್ಲಿ ಹೃದಯದ ಎಂಆರ್‌ಐ ಇಲ್ಲ ಅಂದಿದ್ದರೆ ನಾವು ಅವತ್ತೇ ಗಾಡಿ ಮಾಡಿಕೊಂಡು ಹೋಗುತ್ತಿದ್ದೆವು. ಬಾಯಿ ಬಿಟ್ಟು ಹೇಳಲಿಲ್ಲವಲ್ಲ, ಅದೇ ಸಿಟ್ಟು.

ಬಿಲ್ ಕಟ್ಟುವ ಮುಂಚೆ ಟ್ರೋಪೋನಿನ್ ಎಷ್ಟು ಅಂತ ಕೇಳಿ, ಡಿಸ್ಚಾರ್ಜಿನಲ್ಲಿ ಬರೆಸಿ. ಆಂಜಿಯೋ ಸಿಡಿ ಕೈಗೆ ತಗೊಳ್ಳಿ. ಟ್ರೋಪೋನಿನ್ ಏರಿದ್ದರೆ ಎಂಆರ್‌ಐ ಬೇಕಾ ಅಂತ ಜೋರಾಗೇ ಕೇಳಿ, ಯಾರು ನಕ್ಕರೂ ಕೇಳಿ.

ಸಿಡಿ ಕೇಳಿದ್ದಕ್ಕೆ "ಸಿಸ್ಟಮ್ ಹೋಗೈತ್ರೀ, ಮುಂದಿನ ವಾರ ಬರ್ರಿ" ಅಂತಲೇ ನಡೆದಿದೆ. ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ. ಅದನ್ನೇ ಬರೆದು ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ನಿನ್ನೆ ಅದೇ ಆಸ್ಪತ್ರೆಯಿಂದ ಫೋನ್: "ಸಾರ್, ಸಿಡಿ ರೆಡಿ ಐತಿ, ಅರ್ಜಿ ವಾಪಸ್ ತಗೋತೀರಾ?" ತಗೊಳ್ಳಲ್ಲ ಅಂದೆ.