ಜಾವಾಸಿ ಕಾಣೆಯಾದಾಗ: ಕೈಯಾರೆ ಲಿಂಕ್ ಹಾಕೋದಾ, ಪ್ಯಾಕೇಜಿಗೇ ಬಿಡೋದಾ?

ಹಾಸನದಲ್ಲಿ ನಾನು ನೋಡಿಕೊಳ್ಳುವ ಕಾಲೇಜು ಲ್ಯಾಬ್‌ಗೆ ಉಬುಂಟು 24.04 ಬಂತು. ಓಪನ್‌ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಸಾಧನಗಳ ಕಟ್ಟು) 11 ತೆಗೆದು 21 ಹಾಕುತ್ತಿದ್ದಾಗ ಮಳೆಗೆ ಕರೆಂಟ್ ಹೋಯಿತು. ಯುಪಿಎಸ್ಸೂ ಕೈಕೊಟ್ಟಿತು. ಮತ್ತೆ ಆನ್ ಮಾಡಿದರೆ ಎಲ್ಲ ಮೆಷಿನ್‌ಗಳಲ್ಲೂ ಒಂದೇ ಗೋಳು: 'ಜಾವಾಸಿ ಕಮಾಂಡ್ ನಾಟ್ ಫೌಂಡ್'. ಜಾವಾಸಿ ಅಂದರೆ ಜಾವಾ ಕೋಡನ್ನು ಕಂಪೈಲ್ ಮಾಡುವ ಕಮಾಂಡ್. /ಯುಎಸ್‌ಆರ್/ಲಿಬ್/ಜೆವಿಎಂ ಒಳಗೆ ಜಾವಾ 21 ಪೂರ್ತಿ ಇದೆ. /ಯುಎಸ್‌ಆರ್/ಬಿನ್‌ನಲ್ಲಿ ಇರಬೇಕಾದ, ಅಲ್ಲಿಗೆ ದಾರಿ ತೋರಿಸುವ ಲಿಂಕ್‌ಗಳು ಮಾತ್ರ ಇಲ್ಲ. ಎಲ್ಲ ಮೆಷಿನ್ನೂ ಒಂದೇ ಸ್ಥಿತಿಯಲ್ಲಿದ್ದುದರಿಂದ ಒಂದೊಂದರಲ್ಲಿ ಒಂದೊಂದು ಮದ್ದು ಹಾಕಿ ನೋಡಿದೆ.

ಮೊದಲು ಕೈಯಾರೆ ಲಿಂಕ್ ಹಾಕುವ 'ಎಲ್‌ಎನ್ -ಎಸ್'. /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಲಿಂಕ್ ಹಾಕಿದ ತಕ್ಷಣ ಜಾವಾಸಿ ಓಡಿತು. ಆದರೆ ಜಾರ್, ಜಾವಾಡಾಕ್, ಜೆಶೆಲ್ ಯಾವುದೂ ಇಲ್ಲ, ಪ್ರತಿಯೊಂದಕ್ಕೂ ಬೇರೆ ಲಿಂಕ್ ಬೇಕು. ಇದಕ್ಕಿಂತ ದೊಡ್ಡ ತೊಂದರೆ ಮುಂದಿದೆ. ಪಾತ್‌ನಲ್ಲಿ (ಕಮಾಂಡ್‌ಗಾಗಿ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಈ ಡೈರೆಕ್ಟರಿ /ಯುಎಸ್‌ಆರ್/ಬಿನ್‌ಗಿಂತ ಮೊದಲು ಬರುತ್ತದೆ. ನಾಳೆ ಹೊಸ ಜಾವಾ ಹಾಕಿದರೂ, ಹಳೆಯದು ಡಿಸ್ಕ್‌ನಲ್ಲಿ ಇರುವಷ್ಟು ದಿನ ಅದೇ ಓಡುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ಎರಡನೆಯದು 'ಅಪ್‌ಡೇಟ್-ಆಲ್ಟರ್ನೇಟಿವ್ಸ್'. ಇದು /ಇಟಿಸಿ/ಆಲ್ಟರ್ನೇಟಿವ್ಸ್ ಮೂಲಕ ಲಿಂಕ್ ಕೊಡುತ್ತದೆ, ವರ್ಷನ್ ಬದಲಿಸೋದು ಸಲೀಸು. ಆದರೆ ಇಲ್ಲಿ ಜಾವಾಸಿಯ ಹೆಸರೇ ಅದರ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ '--ಕಾನ್ಫಿಗ್' ಕೆಲಸಕ್ಕೆ ಬರಲಿಲ್ಲ, '--ಇನ್‌ಸ್ಟಾಲ್' ಕೊಟ್ಟು ಒಂದೊಂದನ್ನೇ ಸೇರಿಸಬೇಕಾಯಿತು. /ಆಪ್ಟ್‌ನಲ್ಲಿ ನಾವೇ ಬಿಚ್ಚಿಟ್ಟ ಜೆಡಿಕೆಗೆ ಇದೇ ಸರಿಯಾದ ದಾರಿ. ಪ್ಯಾಕೇಜಿನಿಂದ ಬಂದಿದ್ದಕ್ಕೆ ಇಷ್ಟು ಕಷ್ಟ ಯಾಕೆ, ಅಲ್ವಾ?

ನನ್ನ ಮನಸ್ಸಿಗೆ ಹಿಡಿಸಿದ್ದು ಮೂರನೆಯದು: ಪ್ಯಾಕೇಜ್‌ಗಳನ್ನು ಹಾಕಿ ತೆಗೆಯುವ ಡಿಪಿಕೆಜಿಗೇ ಬಿಡೋದು. 'ಡಿಪಿಕೆಜಿ -ಎಲ್' ಕೊಟ್ಟು ಸಾಲಿನ ಎಡತುದಿ ನೋಡಿ. 'ಐಐ' ಇರಬೇಕಾದ ಜಾಗದಲ್ಲಿ 'ಐಯು' ಇತ್ತು. ಅಂದರೆ ಫೈಲುಗಳು ಬಿಚ್ಚಿಕೊಂಡಿವೆ, ಕಾನ್ಫಿಗರ್ ಆಗಿಲ್ಲ. ಜಾವಾದ ಲಿಂಕ್‌ಗಳನ್ನು ಹಾಕೋದು ಕಾನ್ಫಿಗರ್ ಹೊತ್ತಿನಲ್ಲಿ ಓಡುವ ಸ್ಕ್ರಿಪ್ಟ್. ಕರೆಂಟ್ ಹೋದದ್ದು ಅದು ಓಡುವ ಮುಂಚೆ. 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟೆ. ಜಾವಾಸಿ, ಜಾರ್, ಜಾವಾಡಾಕ್ ಅಂತ ಒಂದೊಂದರ ಮುಂದೆಯೂ 'ಆಟೋ ಮೋಡ್' ಎಂದು ಬರೆದ ಸಾಲುಗಳು ಸರಸರನೆ ಹರಿದವು. ಎಲ್ಲ ಲಿಂಕೂ ವಾಪಸ್! ಇಂಥ ಸ್ಥಿತಿಯಲ್ಲಿ ಪ್ಯಾಕೇಜ್ ತರಿಸಿ ಹಾಕುವ ಏಪಿಟಿ ಕೂಡ ಇದೇ ಕಮಾಂಡ್ ಓಡಿಸಿ ಎಂದು ಹೇಳುತ್ತದೆ. ಎರರ್ ಸಾಲನ್ನು ದಯವಿಟ್ಟು ಪೂರ್ತಿ ಓದಿ.

'ಐಐ' ಇದ್ದೂ ಲಿಂಕ್ ಇಲ್ಲದಿದ್ದರೆ 'ಏಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್' ಸಾಕು, ಆ ಸ್ಕ್ರಿಪ್ಟ್ ಮತ್ತೆ ಓಡುತ್ತದೆ.

ಕೈಯಾರೆ ಹಾಕಿದ್ದ ಲಿಂಕನ್ನು ಕೊನೆಗೆ ಅಳಿಸಿ, ಆ ಮೆಷಿನ್‌ನಲ್ಲೂ ಡಿಪಿಕೆಜಿಯನ್ನೇ ಓಡಿಸಿದೆ. ಅಳಿಸಿದ ಮೇಲೂ ಅದೇ ಟರ್ಮಿನಲ್ ಹಳೇ ಜಾಗವನ್ನೇ ಹುಡುಕಿ 'ನೋ ಸಚ್ ಫೈಲ್' ಅಂದರೆ 'ಹ್ಯಾಶ್ -ಆರ್' ಕೊಡಿ. ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ನೆನಪಿಟ್ಟುಕೊಂಡಿದ್ದ ದಾರಿ ಅಳಿಸಿಹೋಗುತ್ತದೆ.